ಸಂಪು ಒಂದೇ, ವಾಲ್ವ್ ಮನೆಗೊಂದು

302ರ ಅಜ್ಜಿ ಸಂಜೆ ದೀಪ ಹಚ್ಚಿದ ಮೇಲೆ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ವಿಷ್ಣು ಸಹಸ್ರನಾಮ ಕೇಳುತ್ತಾರೆ. 2020ರ ಲಾಕ್‌ಡೌನ್ ಕಾಲದ ಒಂದು ಸಂಜೆ ಸಹಸ್ರನಾಮ ಅರ್ಧಕ್ಕೇ ನಿಂತು ಪರದೆಯ ಮೇಲೆ ಮಚ್ಚು ಹಿಡಿದ ನಾಲ್ಕು ಜನ ಪ್ರತ್ಯಕ್ಷರಾದರು. ಅಜ್ಜಿ ರಿಮೋಟ್ ಒತ್ತಿ ಓಡಿಸಿದರು. ಎರಡು ನಿಮಿಷಕ್ಕೆ ಮತ್ತೆ ಬಂದರು. ಆಮೇಲೆ ಅಜ್ಜಿ ಮಾಸ್ಕ್ ಕಟ್ಟಿಕೊಂಡು ಮೆಟ್ಟಿಲಿಳಿದು ನೇರ ನಮ್ಮ ಬಾಗಿಲಿಗೆ ಬಂದರು. “ಏನಪ್ಪಾ, ನಮ್ಮ ಟಿವಿಯೊಳಗೆ ಯಾರೋ ಹೊಕ್ಕಿದ್ದಾರೆ. ಇಂಟರ್ನೆಟ್ ಹಾಕಿಸಿದ್ದು ನೀನೇ ತಾನೆ?”

ಹೊಕ್ಕವನು 404ರ ಹುಡುಗ. ಪಾಪ, ಅವನಿಗೂ ಗೊತ್ತಿರಲಿಲ್ಲ. ಫೋನಿನಲ್ಲಿ ಸಿನಿಮಾ ನೋಡುತ್ತಿದ್ದವನು ಕಾಸ್ಟ್ ಗುರುತು ಒತ್ತಿದಾಗ ಎರಡು ಟಿವಿಗಳ ಹೆಸರು ಕಂಡಿವೆ, ಎರಡೂ ‘ಲಿವಿಂಗ್ ರೂಮ್ ಟಿವಿ’. ಮೇಲಿದ್ದುದನ್ನು ಒತ್ತಿದ್ದಾನೆ. ತನ್ನ ಟಿವಿಯಲ್ಲಿ ಬರಲಿಲ್ಲವೆಂದು ಮತ್ತೊಮ್ಮೆ ಒತ್ತಿದ್ದಾನೆ.

ನಾನು ಹೊಟ್ಟೆ ಹೊರೆಯುವುದೇ ನೆಟ್‌ವರ್ಕ್ ಕೆಲಸದಿಂದ. ಲಾಕ್‌ಡೌನಿನಲ್ಲಿ ಮಕ್ಕಳಿಗೆ ಆನ್‌ಲೈನ್ ಪಾಠ, ದೊಡ್ಡವರಿಗೆ ಮನೆಯಿಂದ ಕೆಲಸ ಎಂದು ಎಂಟು ಮನೆಯವರು ಕೇಳಿಕೊಂಡಾಗ, ನನ್ನ ಮನೆಯ ಒಂದು ಸಂಪರ್ಕವನ್ನೇ ಎಲ್ಲರಿಗೂ ಹಂಚಿಬಿಟ್ಟಿದ್ದೆ. ಆಫೀಸಿನಲ್ಲಿ ಇಂಥ ನೆಟ್‌ವರ್ಕ್ ಕಟ್ಟಿದ್ದರೆ ಮರುದಿನವೇ ಗೇಟು ತೋರಿಸುತ್ತಿದ್ದರು. ಅಜ್ಜಿಗೆ ಕ್ಷಮೆ ಕೇಳಿ, ಎಲ್ಲರಿಗೂ “ಟಿವಿಗೆ ನಿಮ್ಮ ಮನೆ ನಂಬರಿನ ಹೆಸರಿಡಿ” ಎಂದು ವಾಟ್ಸಾಪ್ ಮಾಡಿ ಕೈತೊಳೆದುಕೊಂಡೆ. ಜ್ವರಕ್ಕೆ ಹಣೆಯ ಮೇಲೆ ಒದ್ದೆಬಟ್ಟೆ ಹಾಕಿದ ಹಾಗೆ.

ಅಲ್ಲಿಂದೀಚೆಗೆ ನಮ್ಮ ಕಟ್ಟಡದ ನೆಟ್‌ವರ್ಕನ್ನು ಎರಡು ಸಲ ಕೆಡವಿ ಕಟ್ಟಿದ್ದೇನೆ. ಬೆಂಗಳೂರಿನಲ್ಲೇ ಇನ್ನೂ ಕೆಲವು ಅಪಾರ್ಟ್‌ಮೆಂಟ್ ಸಂಘಗಳಿಗೆ ಕೈಜೋಡಿಸಿದ್ದೇನೆ. ಕಲಿತದ್ದನ್ನು, ಹೆಚ್ಚಿನ ಪಾಲು ಕೈ ಸುಟ್ಟುಕೊಂಡೇ ಕಲಿತದ್ದನ್ನು, ಇಲ್ಲಿ ಬರೆದಿಟ್ಟಿದ್ದೇನೆ.

1. ಮೊದಲು ಬೇಕೇ ಎಂದು ಕೇಳಿ

ಕರೆಸಿದ ಸಂಘದವರಿಗೆ ಮೊದಲ ಸಭೆಯಲ್ಲೇ ಹೇಳಿಬಿಡುತ್ತೇನೆ: ಪ್ರತಿ ಮನೆಗೂ ಬೇರೆ ಫೈಬರ್ ಬರುವಂತಿದ್ದರೆ ಹಂಚಿಕೆಯ ಗೋಜಿಗೆ ಹೋಗಬೇಡಿ. ಅವರವರ ಸಂಪರ್ಕ, ಅವರವರ ಬಿಲ್ಲು, ಕೆಟ್ಟರೆ ಅವರವರ ಜಗಳ. ಸಂಘಕ್ಕೆ ತಲೆನೋವಿಲ್ಲ.

ಇಷ್ಟು ಹೇಳಿದ ಮೇಲೂ ಕೆಲವೆಡೆ ಹಂಚಿಕೆಯೇ ಸರಿ. ಪಿಜಿಗಳಲ್ಲಿ, ಹಿರಿಯರ ವಸತಿಗಳಲ್ಲಿ ಕೋಣೆಗೊಂದು ಸಂಪರ್ಕ ತರುವುದು ಆಗದ ಮಾತು. ನಮ್ಮದು ಸ್ಟಿಲ್ಟ್ ಪಾರ್ಕಿಂಗಿನ ಮೇಲೆ ನಾಲ್ಕು ಮಹಡಿ, 24 ಮನೆಗಳ ಹಳೆಯ ಕಟ್ಟಡ. ಗೋಡೆಯೊಳಗಿನ ಕೊಳವೆಗಳಲ್ಲಿ ಅರ್ಧ ಕಟ್ಟಿಹೋಗಿವೆ. ಪ್ರತಿ ಕಂಪನಿಯ ಹುಡುಗನೂ ಡ್ರಿಲ್ಲಿಂಗ್ ಮೆಷೀನ್ ಹಿಡಿದು ಬಂದು ಹೊರಗೋಡೆಗೆ ಹೊಸ ತೂತು ಕೊರೆದು ಕೇಬಲ್ ಇಳಿಬಿಟ್ಟು ಹೋಗುತ್ತಿದ್ದ. ಬಾಲ್ಕನಿಯಿಂದ ಬಾಲ್ಕನಿಗೆ ತೋರಣ ಕಟ್ಟಿದ ಹಾಗಿತ್ತು. ಮಳೆ ಬಂದರೆ ಆ ತೂತುಗಳಿಂದ ಒಳಗೋಡೆಗೆ ತೇವ. ಒಂದೇ ಲೈನ್ ತರಿಸೋಣ ಎಂಬ ತೀರ್ಮಾನಕ್ಕೆ ನಿಜವಾದ ಕಾರಣ ಆ ತೇವ.

ಹಂಚಿಕೆ ಎಂದರೆ ಮೂಗು ಮುರಿಯುವವರಿಗೆ ಇನ್ನೊಂದು ಮಾತು. ‘ನಮ್ಮದೇ ಸ್ವಂತ ಫೈಬರ್’ ಎಂದುಕೊಂಡದ್ದೂ ಹಂಚಿಕೆಯದೇ. ಇಂದು ಮನೆಗಳಿಗೆ ಬರುವ ಜಿ-ಪಾನ್ ಮಾದರಿಯಲ್ಲಿ ಸುಮಾರು 2.5 ಜಿಬಿಪಿಎಸ್‌ನ ಒಂದು ಎಳೆಯನ್ನು ದಾರಿಯ ಮೇಲಿನ ಸ್ಪ್ಲಿಟರ್ ಪೆಟ್ಟಿಗೆಯಲ್ಲಿ 32 ಅಥವಾ 64 ಮನೆಗಳಿಗೆ ಸೀಳಿ ಕೊಡುತ್ತಾರೆ. ಬೀದಿಯ ಎಲ್ಲರ ದತ್ತಾಂಶವೂ ನಿಮ್ಮ ಮನೆಯ ಪೆಟ್ಟಿಗೆಯವರೆಗೆ ಬೆಳಕಾಗಿ ಬಂದೇ ಬರುತ್ತದೆ. ಅದು ಗೂಢಲಿಪಿಯಲ್ಲಿರುವುದರಿಂದ ನಿಮ್ಮ ಪಾಲನ್ನಷ್ಟೇ ನಿಮ್ಮ ಪೆಟ್ಟಿಗೆ ಬಿಡಿಸಿ ಓದುತ್ತದೆ. ಕಂಪನಿಯವರು ಹಂಚುವಾಗ ಬೇರ್ಪಡಿಸಿಯೂ ಇರುತ್ತಾರೆ. ನಾನು ಹಂಚಿದ್ದೆ, ಬೇರ್ಪಡಿಸಿರಲಿಲ್ಲ. ಮುಂದೆ ಬರೆದಿರುವುದೆಲ್ಲ ಈ ಒಂದು ವ್ಯತ್ಯಾಸದ ಕಥೆಯೇ.

2. ಬಿಲ್ಲಿನಲ್ಲಿ ಯಾರ ಹೆಸರೋ ಪೊಲೀಸರು ಅವರ ಬಾಗಿಲಿಗೆ

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ನಡೆಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಒಂದು ಇಮೇಲ್ ಹೋಗಿತ್ತು. ತನಿಖೆಯವರು ಅದರ ಜಾಡು ಹಿಡಿದು ತಲುಪಿದ್ದು ನವಿ ಮುಂಬೈನ ಸಾನ್‌ಪಾಡಾದ ಒಂದು ಅಪಾರ್ಟ್‌ಮೆಂಟಿಗೆ. ಮನೆಯಲ್ಲಿ ವೈ-ಫೈ ಇತ್ತು, ಅದಕ್ಕೆ ಬೀಗವಿರಲಿಲ್ಲ. ಯಾರೋ ಅದನ್ನು ಬಳಸಿ ಕಳುಹಿಸಿದ್ದರು. ಮನೆಯಲ್ಲಿದ್ದವರು ವಿಚಾರಣೆ ಎದುರಿಸಬೇಕಾಯಿತು. ಮರುವರ್ಷ, 2009ರ ಫೆಬ್ರುವರಿಯಲ್ಲಿ, ಗ್ರಾಹಕರ ವೈ-ಫೈ ಸುರಕ್ಷಿತವಾಗಿರುವಂತೆ ನೋಡಿಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು.

ಸಂಘದ ವಾರ್ಷಿಕ ಸಭೆಯಲ್ಲಿ ಈ ಪ್ರಸಂಗ ಹೇಳಿದರೆ ಖರ್ಚಿಗೆ ಒಪ್ಪಿಗೆ ಬೇಗ ಸಿಗುತ್ತದೆ, ಅದು ಬೇರೆ ಮಾತು. ನನಗಾದ ಭಯ ಮಾತ್ರ ನಿಜವಾದದ್ದು. ಎಂಟು ಮನೆಯ ಮೂವತ್ತು ಜನ, ಅವರ ನೆಂಟರು, ನೆಂಟರ ಮಕ್ಕಳು ಮಾಡಿದ್ದೆಲ್ಲ ಹೊರಗಿನಿಂದ ನೋಡಿದರೆ ನಾನೊಬ್ಬನೇ ಮಾಡಿದ್ದು. ಹೊರಗೆ ಕಾಣುವ ವಿಳಾಸ ಒಂದೇ, ಅದರ ಮುಂದೆ ಇದ್ದದ್ದು ನನ್ನ ಆಧಾರ್ ಪ್ರತಿ.

ಆದ್ದರಿಂದ ಒಪ್ಪಂದ ನೋಂದಾಯಿತ ಸಂಘದ ಹೆಸರಿನಲ್ಲಿರಲಿ. ಮನೆ ಬಳಕೆಯ ಪ್ಲಾನ್ ತಂದು ಹಂಚಬೇಡಿ. ಸಾಮಾನ್ಯವಾಗಿ ಅದರ ಷರತ್ತುಗಳಲ್ಲೇ ‘ಹಂಚುವಂತಿಲ್ಲ’ ಎಂದು ಇರುತ್ತದೆ. ಲೀಸ್ಡ್ ಲೈನ್ ತೆಗೆದುಕೊಳ್ಳಿ, 24 ಮನೆಗೆ ಕೊಡುತ್ತೇವೆ ಎಂದು ಮೊದಲೇ ಹೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಲಾಭಕ್ಕೆ ಇಂಟರ್ನೆಟ್ ಮಾರುವುದು ಪರವಾನಗಿಯ ವ್ಯವಹಾರ, ಸಂಘ ಅದಕ್ಕೆ ಇಳಿಯಬಾರದು. ಕ್ಲಬ್‌ಹೌಸಿಗೆ ಬರುವ ಹೊರಗಿನವರಿಗೂ ಕೊಡಬೇಕೆಂಬ ಆಸೆ ಇದ್ದರೆ, ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆ ಇದೆ. ಅದರಡಿ ಸಣ್ಣ ಅಂಗಡಿಯವರೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ವೈ-ಫೈ ಕೊಡಬಹುದು. ಯಾರು ಬಳಸಿದರು ಎಂಬ ದಾಖಲೆಯ ಹೊಣೆಯೂ ಆ ವ್ಯವಸ್ಥೆಯಲ್ಲೇ ಹಂಚಿಹೋಗಿರುತ್ತದೆ.

3. ಕೇಬಲ್ ಕೆರೆದು ನೋಡಿ ಕೊಳ್ಳಿ

2021ರಲ್ಲಿ ಉಳಿದ ಮನೆಯವರೂ ಸೇರಿದರು. ಮನೆಮನೆಗೆ ತಂತಿ ಎಳೆಯುವ ತೀರ್ಮಾನವಾಯಿತು. ಎಸ್.ಪಿ. ರೋಡಿನಲ್ಲಿ ಕ್ಯಾಟ್ 6 ಕೇಬಲ್ಲಿನ 305 ಮೀಟರಿನ ಪೆಟ್ಟಿಗೆಗಳು ಎರಡು ಬೆಲೆಯಲ್ಲಿ ಸಿಕ್ಕವು. ಒಂದು ಇನ್ನೊಂದರ ಅರ್ಧ ಬೆಲೆ. ಮೇಲಿನ ಮುದ್ರಣ, ಬಣ್ಣ, ಪೆಟ್ಟಿಗೆ ಎಲ್ಲ ಒಂದೇ ಥರ. ಖಜಾಂಚಿಯವರು ನನ್ನ ಜೊತೆಗಿದ್ದರು. ಅರ್ಧ ಬೆಲೆಯದನ್ನು ಆರಿಸಿದವರು ಯಾರೆಂದು ಇಲ್ಲಿ ಬರೆಯುವುದಿಲ್ಲ, ತಡೆಯದೆ ಸುಮ್ಮನಿದ್ದವನು ನಾನು.

ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ದತ್ತಾಂಶ ಹೇಗೋ ಹೋಗುತ್ತದೆ. ಅದೇ ತಂತಿಯಲ್ಲಿ ಕ್ಯಾಮೆರಾಗೂ ವೈ-ಫೈ ಪೆಟ್ಟಿಗೆಗೂ ವಿದ್ಯುತ್ ಕಳಿಸಲು ಹೋದರೆ ಬಣ್ಣ ಬಯಲಾಗುತ್ತದೆ. ಅಲ್ಯೂಮಿನಿಯಂಗೆ ಪ್ರತಿರೋಧ ಹೆಚ್ಚು, ದೂರ ಹೋದಂತೆ ವೋಲ್ಟೇಜು ಸೊರಗುತ್ತದೆ. ನಮ್ಮ ನಾಲ್ಕನೇ ಮಹಡಿಯ ವೈ-ಫೈ ಪೆಟ್ಟಿಗೆ ರಾತ್ರಿ ಎಲ್ಲರೂ ಬಳಸುವ ಹೊತ್ತಿಗೆ ಸರಿಯಾಗಿ ಆರಿ ಹೊತ್ತಿಕೊಳ್ಳುತ್ತಿತ್ತು. ಮೂರು ವಾರ ಪೆಟ್ಟಿಗೆಯನ್ನೇ ಬೈದೆವು. ಕೊನೆಗೆ ಅಲುಗಾಡಿಸಿದಾಗ ಕನೆಕ್ಟರಿನ ಬುಡದಲ್ಲಿ ಎಳೆ ಮುರಿದು ಕೈಗೆ ಬಂತು. ತಾಮ್ರ ಹಾಗೆ ಸುಲಭಕ್ಕೆ ಮುರಿಯುವುದಿಲ್ಲ.

ಕೊಳ್ಳುವಾಗ ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ವಾಪಸು ಇಡಿ. ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿದರೂ ತಿಳಿಯುತ್ತದೆ, ತಾಮ್ರ ಭಾರ. ಒಂದು ಎಳೆ 100 ಮೀಟರ್ ಮೀರಬಾರದು. ಲಿಫ್ಟ್ ಓಡುವ ಬಾವಿಯಲ್ಲಿ ಕೇಬಲ್ ಇಳಿಸಲು ಹುಡುಗರು ಆಸೆಪಡುತ್ತಾರೆ, ಸುಲಭದ ದಾರಿ ಅದು. ಬಿಡಬೇಡಿ. ಕರೆಂಟಿನ ಕೊಳವೆಯಲ್ಲೂ ಬೇಡ.

ಎರಡು ಬ್ಲಾಕ್ ಇದ್ದರೆ ನಡುವೆ ತಾಮ್ರವೇ ಬೇಡ, ಫೈಬರ್ ಎಳೆಯಿರಿ. ಇನ್ನೊಂದು ಕಡೆ ಇದನ್ನು ಕೇಳದವರು ಮೇ ತಿಂಗಳ ಒಂದು ಸಿಡಿಲಿಗೆ ಮೂರು ಸ್ವಿಚ್ ಕಳೆದುಕೊಂಡರು. ಗಾಜಿನ ಎಳೆಯಲ್ಲಿ ಮಿಂಚು ಹರಿಯುವುದಿಲ್ಲ.

4. ಮನೆ ನಂಬರೇ ವಿಲ್ಯಾನ್ ನಂಬರ್

ಆ ಭಾನುವಾರ ನನಗೆ ಇನ್ನೂ ನೆನಪಿದೆ. ಬೆಳಗ್ಗೆ ಎಂಟಕ್ಕೆ ಎದ್ದು ನೋಡಿದರೆ ಸಂಘದ ಗುಂಪಿನಲ್ಲಿ ಅರವತ್ತು ಸಂದೇಶ. ನೆಟ್ ಇಲ್ಲ. ಕೆಲವರಿಗೆ ಇದೆ, ಕೆಲವರಿಗೆ ಇಲ್ಲ. ಇದ್ದವರು ‘ನಮಗೆ ಸರಿಯಾಗಿದೆಯಲ್ಲ’ ಎಂದು ಬರೆದು ಇಲ್ಲದವರ ಹೊಟ್ಟೆ ಉರಿಸಿದ್ದರು. ನನಗೆ ಇತ್ತು. ಪರೀಕ್ಷಿಸಲೆಂದು ಲ್ಯಾಪ್‌ಟಾಪನ್ನು ಆರಿಸಿ ಹಾಕಿದೆ, ನನ್ನದೂ ಹೋಯಿತು.

ವಿಳಾಸ ನೋಡಿದೆ. ನಾವು ಕೊಡುತ್ತಿದ್ದದ್ದು 192.168.1 ಸಾಲಿನ ವಿಳಾಸ. ಬಂದಿದ್ದು 192.168.0 ಸಾಲಿನದು. ಅಂದರೆ ಕಟ್ಟಡದಲ್ಲಿ ಇನ್ನೊಬ್ಬ ‘ಯಜಮಾನ’ ಹುಟ್ಟಿಕೊಂಡಿದ್ದಾನೆ. ಆ ಯಜಮಾನನ ವಿಳಾಸವನ್ನೇ ಬ್ರೌಸರಿನಲ್ಲಿ ಹಾಕಿದೆ. ಯಾವುದೋ ಮನೆಯ ರೂಟರಿನ ಲಾಗಿನ್ ಪುಟ ಬಂತು. ಅಡ್ಮಿನ್, ಅಡ್ಮಿನ್ ಎಂದು ಹೊಡೆದೆ, ತೆರೆದುಕೊಂಡಿತು! ಒಳಗೆ ವೈ-ಫೈ ಹೆಸರು: ಒಂದು ಮಗುವಿನ ಹೆಸರು, ಮುಂದೆ ‘ಹೋಮ್’. ಆ ಮಗುವಿನ ಸೈಕಲ್ಲನ್ನು ಹಿಂದಿನ ದಿನ ಲಿಫ್ಟಿನಲ್ಲಿ ಮೇಲೆ ಒಯ್ದದ್ದನ್ನು ನೋಡಿದ್ದೆ. 203ಕ್ಕೆ ಹೊಸದಾಗಿ ಬಾಡಿಗೆಗೆ ಬಂದವರು.

ಬಾಗಿಲು ತೆಗೆದವರ ಕೈಯಲ್ಲಿ ಕಾಫಿ ಲೋಟ. ಹಳೆಯ ಮನೆಯಿಂದ ತಂದ ರೂಟರನ್ನು ಟಿವಿಯ ಪಕ್ಕ ಇಟ್ಟಿದ್ದರು. ಗೋಡೆಯ ಕೇಬಲ್ಲನ್ನು ನೀಲಿ ತೂತಿಗೆ ಹಾಕುವ ಬದಲು ಹಳದಿ ತೂತಿಗೆ ಹಾಕಿದ್ದರು. “ಯಾವುದಕ್ಕೆ ಹಾಕಿದ್ರೂ ಆಗುತ್ತೆ ಅಂತ ಅಂದ್ಕೊಂಡೆ ಸಾರ್,” ಎಂದರು. ಕೇಬಲ್ ತೆಗೆದು ಪಕ್ಕದ ತೂತಿಗೆ ಹಾಕಿದೆ. ಅವರ ಮನೆಯಾಕೆ ನನಗೂ ಕಾಫಿ ಕೊಟ್ಟರು.

ನಡೆದದ್ದು ಇಷ್ಟು. ಹೊಸ ಫೋನೋ ಲ್ಯಾಪ್‌ಟಾಪೋ ನೆಟ್‌ವರ್ಕಿಗೆ ಬಂದ ಕೂಡಲೇ ‘ನನಗೊಂದು ವಿಳಾಸ ಕೊಡಿ’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಮೊದಲು ಉತ್ತರಿಸಿದವರನ್ನು ನಂಬುತ್ತದೆ, ಅವರು ತೋರಿಸಿದ ಬಾಗಿಲಿನಿಂದಲೇ ಹೊರಗೆ ಹೋಗಲು ನೋಡುತ್ತದೆ. ಇದಕ್ಕೆ ಡಿಎಚ್‌ಸಿಪಿ ಎಂದು ಹೆಸರು. 203ರವರ ಬಾಗಿಲು ಎಲ್ಲಿಗೂ ತೆರೆಯುತ್ತಿರಲಿಲ್ಲ, ಆದ್ದರಿಂದ ನೆಟ್ ನಿಂತು ಸಿಕ್ಕಿಬಿದ್ದರು. ಕೆಟ್ಟ ಬುದ್ಧಿಯವನಾಗಿದ್ದರೆ ಆ ಬಾಗಿಲನ್ನು ನಿಜವಾದ ಬಾಗಿಲಿಗೆ ಜೋಡಿಸಿಟ್ಟು, ಇಡೀ ಕಟ್ಟಡದ ದತ್ತಾಂಶ ತನ್ನ ಮನೆಯ ಮೂಲಕವೇ ಹಾದುಹೋಗುವಂತೆ ಮಾಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಜ್ಜಿಯ ಟಿವಿಗೂ ಭಾನುವಾರದ ಅನಾಹುತಕ್ಕೂ ಮೂಲ ಒಂದೇ: ನೆಟ್ ಹಂಚಿಕೊಂಡ ಮನೆಯವರೆಲ್ಲ ಗೋಡೆಯಿಲ್ಲದ ಒಂದೇ ಹಾಲಿನಲ್ಲಿ ಕೂತಿದ್ದರು. ಸಭೆಯಲ್ಲಿ ವಿವರಿಸಲು ನೀರಿನ ಉದಾಹರಣೆ ತೆಗೆದುಕೊಂಡೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಅದಕ್ಕಿಂತ ಬೇಗ ಅರ್ಥವಾಗುವುದು ಬೇರೆ ಇಲ್ಲ. ಕಾವೇರಿ ನೀರೂ ಟ್ಯಾಂಕರ್ ನೀರೂ ಒಂದೇ ಸಂಪಿಗೆ ಬೀಳಲಿ, ತೊಂದರೆಯಿಲ್ಲ. ಮೇಲಿನ ಟ್ಯಾಂಕಿನಿಂದ ಪ್ರತಿ ಮನೆಗೂ ಬೇರೆ ಕೊಳವೆ, ಬೇರೆ ವಾಲ್ವ್. 404ರ ಸಿಂಕಿನ ನೀರು 302ರ ನಲ್ಲಿಯಲ್ಲಿ ಬರಬಾರದು. ನಾನು ಕಟ್ಟಿದ್ದರಲ್ಲಿ ಬರುತ್ತಿತ್ತು.

ಆ ಬೇರೆ ಕೊಳವೆಗೆ ನಮ್ಮ ಕಸುಬಿನಲ್ಲಿ ವಿಲ್ಯಾನ್ ಎನ್ನುತ್ತೇವೆ. ಒಂದೇ ಸ್ವಿಚ್ಚಿನೊಳಗೆ ಮನೆಗೊಂದು ಪ್ರತ್ಯೇಕ ನೆಟ್‌ವರ್ಕ್, ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಇದಕ್ಕೆ ಮ್ಯಾನೇಜ್ಡ್ ಸ್ವಿಚ್ ಬೇಕು, ಅಂಗಡಿಯಲ್ಲಿ ಸಿಗುವ ಸಾದಾ ಸ್ವಿಚ್ಚಿನಿಂದ ಆಗದು. ಖರ್ಚು ಹೆಚ್ಚಿದ್ದು ಇಲ್ಲೇ, ಉಳಿಸಬಾರದ ಖರ್ಚೂ ಇದೇ. ವಿಲ್ಯಾನಿಗೆ 1ರಿಂದ 4094ರವರೆಗೆ ಯಾವ ಸಂಖ್ಯೆಯನ್ನಾದರೂ ಕೊಡಬಹುದಾದ್ದರಿಂದ ಮನೆ ನಂಬರನ್ನೇ ಕೊಟ್ಟೆ. 302ರ ವಿಲ್ಯಾನ್ 302, ಅವರ ವಿಳಾಸಗಳು 10.3.2ರಿಂದ ಶುರು. ಮೂರನೇ ಮಹಡಿ, ಎರಡನೇ ಮನೆ. ರಾತ್ರಿ ಹನ್ನೊಂದಕ್ಕೆ ಏನಾದರೂ ಕೆಟ್ಟರೆ ಪಟ್ಟಿ ಹುಡುಕಬೇಕಿಲ್ಲ, ವಿಳಾಸ ನೋಡಿದರೆ ಯಾರ ಕರೆಗಂಟೆ ಒತ್ತಬೇಕೆಂದು ತಿಳಿಯುತ್ತದೆ.

ಇದರ ಜೊತೆಗೆ ಸ್ವಿಚ್ಚಿನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ ಮತ್ತು ಲೂಪ್ ತಡೆ ಎರಡನ್ನೂ ಹಾಕಿ. ಮೊದಲನೆಯದು ಸುಳ್ಳು ಯಜಮಾನನ ಬಾಯಿ ಮುಚ್ಚಿಸುತ್ತದೆ. ಎರಡನೆಯದು, ಒಂದೇ ಕೇಬಲ್ಲಿನ ಎರಡೂ ತುದಿಯನ್ನು ಗೋಡೆಗೇ ಸಿಕ್ಕಿಸುವ ಮಹಾನುಭಾವರಿಗಾಗಿ.

ಒಂದು ಎಚ್ಚರಿಕೆ. ‘ಕ್ಲೈಂಟ್ ಐಸೊಲೇಶನ್’ ಎಂಬ ಗುಂಡಿ ಒತ್ತಿದರೆ ಮುಗಿಯಿತು ಎನ್ನುವವರು ಸಿಗುತ್ತಾರೆ. ಅದು ನಿಮ್ಮ ಫೋನನ್ನು ನಿಮ್ಮದೇ ಟಿವಿಯಿಂದಲೂ, ನಿಮ್ಮದೇ ಪ್ರಿಂಟರಿನಿಂದಲೂ ದೂರ ಮಾಡುತ್ತದೆ. ಕ್ಲಬ್‌ಹೌಸಿಗೆ ಸರಿ, ಮನೆಗಳಿಗೆ ಅದು ಪರಿಹಾರವಾಗದು.

5. ಪಾಸ್‌ವರ್ಡ್ ಲಿಫ್ಟಿನಲ್ಲಿ ಅಂಟಿಸುವ ವಸ್ತುವಲ್ಲ

ಅಂಟಿಸಿದ್ದರು. ನಾನು ಊರಿಗೆ ಹೋಗಿದ್ದಾಗ, ಕೇಳಿದವರಿಗೆಲ್ಲ ಹೇಳಿ ಸುಸ್ತಾದ ಸೆಕ್ಯುರಿಟಿಯವರಿಗೆ ಅನುಕೂಲವಾಗಲೆಂದು. ನೀರಿನ ಟ್ಯಾಂಕ್ ತೊಳೆಯುವ ದಿನಾಂಕದ ನೋಟೀಸಿನ ಪಕ್ಕದಲ್ಲೇ. ಬಂದು ನೋಡಿದರೆ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಉಪಕರಣಗಳು. ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತವರಿಗೂ ನಮ್ಮದೇ ನೆಟ್.

ಇಡೀ ಕಟ್ಟಡಕ್ಕೆ ಒಂದೇ ಪಾಸ್‌ವರ್ಡ್ ಇದ್ದರೆ ಅದು ಪಾಸ್‌ವರ್ಡೇ ಅಲ್ಲ. ಒಬ್ಬ ಬಾಡಿಗೆದಾರ ಹೋದರೆ ಎಲ್ಲರದನ್ನೂ ಬದಲಿಸಬೇಕು, ಆದ್ದರಿಂದ ಯಾರೂ ಬದಲಿಸುವುದಿಲ್ಲ. ಈಗಿನ ಒಳ್ಳೆಯ ವೈ-ಫೈ ಉಪಕರಣಗಳಲ್ಲಿ ವೈ-ಫೈ ಹೆಸರು ಒಂದೇ ಇದ್ದು ಮನೆಗೊಂದು ಪಾಸ್‌ವರ್ಡ್ ಕೊಡುವ ಸೌಲಭ್ಯವಿದೆ. 302ರ ಪಾಸ್‌ವರ್ಡ್ ಹಾಕಿದವರು ತಾವಾಗಿ 302ರ ವಿಲ್ಯಾನಿಗೆ ಹೋಗಿ ಬೀಳುತ್ತಾರೆ. ಅಜ್ಜಿ ಪಾರ್ಕಿಂಗಿನಲ್ಲಿ ಕೂತಿದ್ದರೂ ಅವರ ಫೋನು ‘ಮನೆಯೊಳಗೇ’ ಇರುತ್ತದೆ. ಮನೆ ಖಾಲಿಯಾದ ದಿನ ಆ ಒಂದು ಪಾಸ್‌ವರ್ಡ್ ಅಳಿಸಿದರೆ ಆಯಿತು. ನಾವು ಇದನ್ನು ಮೂವ್-ಔಟ್ ಪತ್ರಕ್ಕೆ ಸೇರಿಸಿದ್ದೇವೆ: ಬಾಕಿ ಇಲ್ಲ, ಲಿಫ್ಟಿಗೆ ಪೆಟ್ಟಾಗಿಲ್ಲ, ವೈ-ಫೈ ಅಳಿಸಿದೆ.

2018ರಲ್ಲಿ ಬಂದ ಡಬ್ಲ್ಯುಪಿಎ3 ಹಳೆಯ ಡಬ್ಲ್ಯುಪಿಎ2ಗಿಂತ ಗಟ್ಟಿ. ಹಳೆಯದರಲ್ಲಿ ಫೋನು ಸೇರುವ ಕ್ಷಣದ ಸಂಭಾಷಣೆಯನ್ನು ಹಿಡಿದಿಟ್ಟುಕೊಂಡು, ಮನೆಯಲ್ಲಿ ಕೂತು ಕೋಟಿಗಟ್ಟಲೆ ಪಾಸ್‌ವರ್ಡ್ ಊಹಿಸಿ ನೋಡಬಹುದು. ಹೊಸದರಲ್ಲಿ ಆ ದಾರಿ ಮುಚ್ಚಿದೆ. ಆದರೆ ಮನೆಗೊಂದು ಪಾಸ್‌ವರ್ಡಿನ ಸೌಲಭ್ಯ ಅನೇಕ ಉಪಕರಣಗಳಲ್ಲಿ ಡಬ್ಲ್ಯುಪಿಎ2ರಲ್ಲಷ್ಟೇ ನಡೆಯುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಬೇರ್ಪಡಿಸುವುದನ್ನೇ ಆರಿಸಿ, ಪಾಸ್‌ವರ್ಡನ್ನು ಉದ್ದ ಮಾಡುತ್ತೇನೆ. ಸಂಬಂಧವಿಲ್ಲದ ನಾಲ್ಕು ಕನ್ನಡ ಪದ, ಇಂಗ್ಲಿಷ್ ಅಕ್ಷರದಲ್ಲಿ: ಹುಣಸೆ, ಏಣಿ, ಬುಧವಾರ, ಕೊಡೆ ಎಂಬಂತೆ. ಫೋನಿನಲ್ಲಿ ಕೇಳಿದರೆ ಅಜ್ಜಿಗೂ ಹೇಳಿ ಬರೆಸಬಹುದು.

ಗುಂಡಿ ಒತ್ತಿ ಸೇರುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ಆಫ್ ಮಾಡಿಬಿಡಿ. ಅದರ ಎಂಟಂಕಿಯ ಪಿನ್ನನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಪ್ರಯತ್ನಕ್ಕೆ ಅದು ಬಿಚ್ಚಿಕೊಳ್ಳುತ್ತದೆಂದು 2011ರಲ್ಲೇ ಬಯಲಾಗಿದೆ.

6. ಕಾರಿಡಾರಿನಲ್ಲಿ ಕೂಗಿದರೆ ಬೆಡ್‌ರೂಮಿನಿಂದ ಉತ್ತರ ಬರುವುದಿಲ್ಲ

ಮಹಡಿಗೊಂದು ‘ಪವರ್‌ಫುಲ್’ ವೈ-ಫೈ ಪೆಟ್ಟಿಗೆಯನ್ನು ಕಾರಿಡಾರಿನಲ್ಲಿ ಹಾಕಿ ಮುಗಿಸುವ ಆಸೆ ಎಲ್ಲರಿಗೂ. ಫೋನಿನಲ್ಲಿ ಗೆರೆಗಳು ತುಂಬಿ ಕಾಣುತ್ತವೆ, ವಿಡಿಯೊ ಓಡುವುದಿಲ್ಲ. ಪೆಟ್ಟಿಗೆಯ ದನಿ ದೊಡ್ಡದು, ಫೋನಿಗೆ ಕೇಳಿಸುತ್ತದೆ. ಫೋನಿನ ದನಿ ಸಣ್ಣದು, ಎರಡು ಕಾಂಕ್ರೀಟ್ ಗೋಡೆ ದಾಟಿ ಪೆಟ್ಟಿಗೆಗೆ ಮುಟ್ಟುವುದಿಲ್ಲ. ಪ್ರತಿ ಮನೆಯೊಳಗೂ ಸಣ್ಣ ಪೆಟ್ಟಿಗೆ, ತಗ್ಗಿಸಿದ ದನಿ, ಇದೇ ಸರಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಇಪ್ಪತ್ತನಾಲ್ಕು ಮನೆಗೆ ಮೂರು! ಆದ್ದರಿಂದ ಟಿವಿ, ಲ್ಯಾಪ್‌ಟಾಪುಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಅಟ್ಟಿ. 2018ರಲ್ಲಿ ಕೇಂದ್ರ ಸರ್ಕಾರ ಅಲ್ಲಿ ಇನ್ನಷ್ಟು ಜಾಗವನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿದೆ. ಟಿವಿಗೆ ತಂತಿಯನ್ನೇ ಕೊಟ್ಟರೆ ಇನ್ನೂ ಒಳ್ಳೆಯದು. ಟಿವಿ ಎದ್ದು ಓಡಾಡುವುದಿಲ್ಲವಲ್ಲ.

7. ಕಾವಲಿನ ಕ್ಯಾಮೆರಾವೇ ಕಳ್ಳನಿಗೆ ಬಾಗಿಲು

ನಮ್ಮ ಕಟ್ಟಡದ ಅತ್ಯಂತ ದುರ್ಬಲ ಉಪಕರಣ ಭದ್ರತೆಗೆಂದೇ ತಂದದ್ದು. ಸಿಸಿಟಿವಿ ಹಾಕಿದವರು ರೆಕಾರ್ಡರಿನ ಪಾಸ್‌ವರ್ಡನ್ನು 12345 ಎಂದು ಬಿಟ್ಟಿದ್ದರು. ಅಧ್ಯಕ್ಷರು ಫೋನಿನಲ್ಲಿ ಗೇಟು ನೋಡಬೇಕೆಂದಾಗ ರೂಟರಿನಲ್ಲಿ ಒಂದು ಕಿಂಡಿ ತೆರೆದು, ಇಡೀ ಜಗತ್ತಿಗೆ ಆ ರೆಕಾರ್ಡರನ್ನು ಕಾಣಿಸಿ ಹೋಗಿದ್ದರು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಇಂಥ ಕಾರ್ಖಾನೆ ಪಾಸ್‌ವರ್ಡುಗಳ ಸಣ್ಣದೊಂದು ಪಟ್ಟಿಯಿಂದ. ಅವುಗಳನ್ನೆಲ್ಲ ಒಟ್ಟಿಗೆ ಬಳಸಿ ದೊಡ್ಡ ದೊಡ್ಡ ಜಾಲತಾಣಗಳನ್ನೇ ಉಸಿರುಗಟ್ಟಿಸಿದರು.

ಕ್ಯಾಮೆರಾ, ಗೇಟಿನ ಟ್ಯಾಬ್, ಪಂಪಿನ ಕಂಟ್ರೋಲರ್, ಲಿಫ್ಟಿನ ಸಾಧನ, ಇವಕ್ಕೆಲ್ಲ ಒಂದು ಪ್ರತ್ಯೇಕ ವಿಲ್ಯಾನ್. ಅಲ್ಲಿಂದ ಮನೆಗಳಿಗೆ ದಾರಿಯಿಲ್ಲ, ಹೊರಗಿನಿಂದ ಅಲ್ಲಿಗೆ ದಾರಿಯಿಲ್ಲ. ಅಧ್ಯಕ್ಷರಿಗೆ ವಿಪಿಎನ್ ಹಾಕಿಕೊಟ್ಟೆ. “ಒಂದು ಗುಂಡಿ ಜಾಸ್ತಿ ಆಯ್ತಲ್ಲಯ್ಯಾ,” ಎಂದು ಇಂದಿಗೂ ಗೊಣಗುತ್ತಾರೆ.

8. ಮದುವೆ ಮನೆಯವರು ಎಲ್ಲರ ನೆಟ್ ತಿನ್ನದಿರಲಿ

106ರಲ್ಲಿ ಮದುವೆಯಾಯಿತು. ಅರವತ್ತು ಜಿಬಿ ವಿಡಿಯೊವನ್ನು ಅಮೆರಿಕದಲ್ಲಿದ್ದ ಅಣ್ಣನಿಗೆ ಕಳಿಸಲು ಶುರುಮಾಡಿದರು. ಉಳಿದವರ ವಿಡಿಯೊ ಮೀಟಿಂಗುಗಳೆಲ್ಲ ತೊದಲತೊಡಗಿದವು. ತಪ್ಪು ಅವರದಲ್ಲ. ಮನೆಗೊಂದು ಮಿತಿ ಹಾಕಿ, ಸಾಲಿನಲ್ಲಿ ಎಲ್ಲರಿಗೂ ಸರದಿ ಸಿಗುವಂತೆ ಮಾಡುವ ಎಫ್‌ಕ್ಯೂ-ಕೊಡೆಲ್‌ನಂಥ ವ್ಯವಸ್ಥೆಯನ್ನು ರೂಟರಿನಲ್ಲಿ ಚಾಲೂ ಮಾಡಿದ ಮೇಲೆ ಈ ಜಗಳ ನಿಂತಿತು.

9. ಯಾರು ಏನು ನೋಡಿದರೆಂಬುದು ಸಂಘಕ್ಕೆ ಬೇಡ

ಸಮಿತಿಯ ಹಿರಿಯರೊಬ್ಬರು ಸಭೆಯ ಕೊನೆಯಲ್ಲಿ ದನಿ ತಗ್ಗಿಸಿ ಕೇಳಿದರು: “ರಾತ್ರಿಯೆಲ್ಲಾ ಯಾವ ಮನೆಯವರು ಏನೇನು ನೋಡ್ತಾರೆ, ಒಂದು ಲಿಸ್ಟ್ ತೆಗೆದುಕೊಡೋಕಾಗುತ್ತಾ? ಕಟ್ಟಡದ ಮರ್ಯಾದೆ ಪ್ರಶ್ನೆ.” ನಾನು, “ಆಗುತ್ತೆ ಸಾರ್, ಮೊದಲು ನಿಮ್ಮ ಮನೆಯಿಂದಲೇ ಶುರು ಮಾಡ್ಲಾ?” ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಸ್ವಲ್ಪ ತಡವಾಗಿ.

ನಗೆಯಾಚೆಗೆ ಇದು ಗಂಭೀರ ವಿಷಯ. ಇಂದು ಹೆಚ್ಚಿನ ತಾಣಗಳು ಗೂಢಲಿಪಿಯಲ್ಲಿರುವುದರಿಂದ ನಾನು ನಿಮ್ಮ ಪತ್ರ, ಬ್ಯಾಂಕ್ ಲೆಕ್ಕ ಓದಲಾರೆ. ಆದರೆ ಯಾವ ತಾಣಕ್ಕೆ ಎಷ್ಟು ಹೊತ್ತಿಗೆ ಹೋದಿರಿ ಎಂಬುದನ್ನು ನೆಟ್‌ವರ್ಕ್ ನಡೆಸುವವನು ಮನಸ್ಸು ಮಾಡಿದರೆ ಬಹಳಮಟ್ಟಿಗೆ ನೋಡಬಹುದು. ಯಾವ ಆಸ್ಪತ್ರೆ, ಯಾವ ಕಾಯಿಲೆ, ಯಾವ ಕೆಲಸದ ಹುಡುಕಾಟ, ಎಲ್ಲವೂ ಅದರಲ್ಲೇ ಇರುತ್ತದೆ. ಪಕ್ಕದ ಮನೆಯವರ ಬಗ್ಗೆ ಇಷ್ಟು ತಿಳಿದುಕೊಂಡು ಲಿಫ್ಟಿನಲ್ಲಿ ನಮಸ್ಕಾರ ಹೇಳುವುದು ಹೇಗೆ?

ನಾವು ಇಡುವ ದಾಖಲೆ ಇಷ್ಟೇ: ಯಾವ ಹೊತ್ತಿನಲ್ಲಿ ಯಾವ ಮನೆಯ ಉಪಕರಣಕ್ಕೆ ಯಾವ ವಿಳಾಸ ಇತ್ತು, ಹೊರಗೆ ಹೋಗುವಾಗ ಅದು ಯಾವ ಪೋರ್ಟ್ ಸಂಖ್ಯೆಯಾಗಿ ಬದಲಾಯಿತು. ತಾಣಗಳ ಪಟ್ಟಿ ಇಡುವುದಿಲ್ಲ. ಪೊಲೀಸರು ಲಿಖಿತವಾಗಿ ಕೇಳಿದರೆ ‘ಇದು 24 ಮನೆಗಳಲ್ಲಿ ಇಂಥ ಮನೆ’ ಎಂದು ತೋರಿಸಲು ಇಷ್ಟು ಸಾಕು, ಉಳಿದ 23 ಮನೆಯವರು ಬಚಾವ್. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ, ಸೇವೆ ಕೊಡುವವರಿಗೆ ಲಾಗ್‌ಗಳನ್ನು 180 ದಿನ ಭಾರತದಲ್ಲೇ ಇಟ್ಟಿರಬೇಕೆಂದು ಹೇಳಿತು. ನಾವೂ ಅದೇ 180 ದಿನವನ್ನು ಅಳತೆಗೋಲು ಮಾಡಿಕೊಂಡು, 181ನೇ ದಿನ ತಾನಾಗಿ ಅಳಿಯುವಂತೆ ಇಟ್ಟಿದ್ದೇವೆ. ರೂಟರಿನ ಗಡಿಯಾರ ಸರಿಯಾಗಿರಲಿ. ಹತ್ತು ನಿಮಿಷ ತಪ್ಪಿದ ಗಡಿಯಾರದ ದಾಖಲೆ ತಪ್ಪು ಮನೆಯನ್ನು ತೋರಿಸುತ್ತದೆ.

ಏನು ಇಡುತ್ತೇವೆ, ಏನು ಇಡುವುದಿಲ್ಲ, ಯಾರು ನೋಡಬಹುದು ಎಂಬುದನ್ನು ಒಂದು ಪುಟದಲ್ಲಿ ಬರೆದು ವಾರ್ಷಿಕ ಸಭೆಯಲ್ಲಿ ಓದಿ ಅಂಗೀಕರಿಸಿದೆವು. ಲಿಸ್ಟ್ ಕೇಳಿದ್ದ ಹಿರಿಯರೇ ಅನುಮೋದಿಸಿದರು.

10. ನಾನಿಲ್ಲದಿದ್ದರೂ ನಡೆಯಬೇಕು

ಮಾವನವರು ತೀರಿಕೊಂಡಾಗ ಹನ್ನೆರಡು ದಿನ ಊರಿನಲ್ಲಿದ್ದೆ. ಐದನೇ ದಿನ ಬೆಸ್ಕಾಂ ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಏಳಲಿಲ್ಲ. ಪಾಸ್‌ವರ್ಡ್ ಇದ್ದದ್ದು ನನ್ನ ತಲೆಯಲ್ಲಿ ಮಾತ್ರ. ಕರ್ಮಾಂತರದ ನಡುವೆ ಪಂಚೆಯುಟ್ಟು ಹಿತ್ತಲಿನಲ್ಲಿ ನಿಂತು ಖಜಾಂಚಿಯವರಿಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದೆ. “ಕ್ಯಾಪಿಟಲ್ಲಾ ಸ್ಮಾಲಾ?” ಎಂದು ಅವರು ಪ್ರತಿ ಅಕ್ಷರಕ್ಕೂ ಕೇಳಿದರು.

ಈಗ ಅಡ್ಮಿನ್ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿ ಅಧ್ಯಕ್ಷರ ಬೀರುವಿನಲ್ಲಿದೆ. ಲಕೋಟೆ ಒಡೆದರೆ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ. ಯಾವ ಕೇಬಲ್ ಯಾವ ಮನೆಗೆ ಎಂಬ ನಕ್ಷೆ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿದೆ. ಪೆಟ್ಟಿಗೆಗೆ ಬೀಗ, ಯುಪಿಎಸ್, ಸರಿಯಾದ ಅರ್ಥಿಂಗ್ ಇವೆ. ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಆರಕ್ಕೆ ತಂತ್ರಾಂಶದ ಅಪ್‌ಡೇಟ್. ಅದನ್ನು ಈಗ ನಾನು ಮಾಡುವುದಿಲ್ಲ, 404ರ ಹುಡುಗ ಮಾಡುತ್ತಾನೆ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ.

ನಿಮ್ಮ ಕಟ್ಟಡದಲ್ಲೂ ಹಂಚಿಕೆಯ ಇಂಟರ್ನೆಟ್ ಇದ್ದರೆ ಇಂದು ಸಂಜೆ ಒಂದು ಕೆಲಸ ಮಾಡಿ. ಪಕ್ಕದ ಮನೆಯವರಿಗೆ ಅವರ ಫೋನಿನಲ್ಲಿ ಯೂಟ್ಯೂಬ್ ತೆರೆದು ಕಾಸ್ಟ್ ಗುರುತು ಒತ್ತಲು ಹೇಳಿ. ಆ ಪಟ್ಟಿಯಲ್ಲಿ ನಿಮ್ಮ ಟಿವಿಯ ಹೆಸರು ಕಂಡರೆ, ನಾಳೆಯೇ ಕಾರ್ಯದರ್ಶಿಯವರಿಗೆ ಫೋನ್ ಮಾಡಿ.